ಪೇಟಿಯ ಗಂಧಾರ ತಂಬೂರಿಗೆ ಕೂಡುವಂತೆ ಮಾಡಿದ್ದು: ನನ್ನ ಅನುಭವ

ಹಾರ್ಮೋನಿಯಂ, ಅಂದರೆ ನಮ್ಮ ಪೇಟಿಯ ಮೇಲೆ ಎರಡು ದೂರುಗಳಿವೆ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ ಎಂಬುದು ಒಂದು, ಸ್ವರಗಳೇ ಬೇಸೂರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮದ್ದಿಲ್ಲ. ಒಂದು ಕೀಲಿಗೆ ಒಂದು ರೀಡು (ಗಾಳಿಗೆ ಕಂಪಿಸುವ ಲೋಹದ ನಾಲಿಗೆ), ಅದು ಇದ್ದಲ್ಲೇ ನುಡಿಯುತ್ತದೆ. ಎರಡನೆಯದಕ್ಕೆ ಮದ್ದಿದೆ. ಒಂದು ಸಣ್ಣ ಅರ, ಒಳ್ಳೆಯ ತಂಬೂರಿ, ಅವಸರವಿಲ್ಲದ ಕಿವಿ ಇದ್ದರೆ ಸಾಕು. ಧಾರವಾಡದಲ್ಲಿ ಖಯಾಲ್ ಗಾಯನಕ್ಕೆ ಪೇಟಿ ಸಾಥ್ (ಪಕ್ಕವಾದ್ಯ) ಕೊಡುತ್ತ ಬಂದವನು ನಾನು. ನನ್ನ ಪೇಟಿಯ ಶ್ರುತಿಯನ್ನು ನಾನೇ ಬದಲಿಸಿಕೊಂಡೆ. ಅದು ಹೇಗೆ ಎಂದು ಪೇಟಿ ನುಡಿಸುವವರಿಗೂ ರಿಪೇರಿ ಮಾಡುವವರಿಗೂ ಉಪಯೋಗವಾಗುವಂತೆ ಬರೆಯುತ್ತಿದ್ದೇನೆ.

ಅಂಗಡಿಯಿಂದ ಬರುವ ಪೇಟಿಯಲ್ಲಿ ಸಪ್ತಕವನ್ನು 12 ಸಮಪಾಲು ಮಾಡಿರುತ್ತಾರೆ, ಒಂದೊಂದು ಪಾಲು 100 ಸೆಂಟ್ (ಸ್ವರಗಳ ಅಂತರದ ಅಳತೆ). ಯಾವ ಕೀಲಿಯನ್ನು ಷಡ್ಜ (ಆಧಾರದ ಸ) ಮಾಡಿಕೊಂಡರೂ ಒಂದೇ ಥರ ನುಡಿಯಲಿ ಎಂಬುದು ಅದರ ಉದ್ದೇಶ. ನಮ್ಮ ಸಂಗೀತದಲ್ಲಿ ಷಡ್ಜ ಒಮ್ಮೆ ನಿಂತರೆ ಕಛೇರಿ ಮುಗಿಯುವವರೆಗೆ ಕದಲುವುದಿಲ್ಲ. ಹಾಗಾಗಿ ಆ ಸೌಕರ್ಯ ನಮಗೆ ಬೇಕಿಲ್ಲ, ಅದರ ನಷ್ಟ ಮಾತ್ರ ನಮ್ಮ ಪಾಲಿಗೆ ಬರುತ್ತದೆ. ಜವಾರಿ (ಕುದುರೆಯ ಮೇಲೆ ತಂತಿ ಹೊರಡಿಸುವ ಝೇಂಕಾರ) ಚೆನ್ನಾಗಿ ತೆಗೆದ ತಂಬೂರಿಯ ಖರಜದ (ಮಂದ್ರ ಷಡ್ಜದ) ತಂತಿ ಮೀಟಿದರೆ ಅದರೊಳಗಿಂದಲೇ ಗಂಧಾರ (ಗ) ಏಳುತ್ತದೆ. ಮೂಲಸ್ವರದ ಐದು ಪಟ್ಟು ಕಂಪನ ಅದು, ತಾನಾಗಿಯೇ ಹುಟ್ಟುವ ಸ್ವಯಂಭೂ ಗಂಧಾರ. ಅದೇ ಸಪ್ತಕದ ಷಡ್ಜದಿಂದ ಅದರ ದೂರ 386 ಸೆಂಟ್. ಪೇಟಿಯ ಗಂಧಾರ ಇರುವುದು 400ರಲ್ಲಿ. ವಿಜಯನಗರದ ರಾಮಾಮಾತ್ಯ 1550ರಲ್ಲಿ ವೀಣೆಯ ಮೆಟ್ಟಿಲುಗಳ ಬಗ್ಗೆ ಬರೆದಾಗಲೂ ಸ್ವಯಂಭೂ ಸ್ವರಗಳನ್ನೇ ಪ್ರಮಾಣ ಎಂದಿಟ್ಟುಕೊಂಡಿದ್ದ.

14 ಸೆಂಟ್ ಏನು ಮಹಾ ಎಂದು ಕೇಳುವವರಿಗೆ ಲೆಕ್ಕ ಕೊಡುತ್ತೇನೆ. ಕಪ್ಪು ಒಂದು (ಸಪ್ತಕದ ಮೊದಲ ಕಪ್ಪು ಕೀಲಿ) ಷಡ್ಜವಾದರೆ ಕಂಪನ 277.2 ಹರ್ಟ್ಜ್. ಅದಕ್ಕೆ ಶುದ್ಧವಾಗಿ ಕೂಡುವ ಗಂಧಾರ 346.5. ಪೇಟಿಯ ಬಿಳಿ ನಾಲ್ಕು ಕೊಡುವುದು 349.2. ಷಡ್ಜವನ್ನೂ ಪೇಟಿಯ ಈ ಗಂಧಾರವನ್ನೂ ಒಟ್ಟಿಗೆ ಒತ್ತಿದರೆ ಅವುಗಳೊಳಗಿನ ಮೇಲಿನ ಕಂಪನಗಳು ಸೆಕೆಂಡಿಗೆ ಸುಮಾರು 11 ಸಲ ಡಿಕ್ಕಿ ಹೊಡೆಯುತ್ತವೆ. ಬಾಗೇಶ್ರೀ ರಾಗದ ಮಧ್ಯಮಕ್ಕೆ ಧೈವತ ಸೇರಿಸಿ ಹಿಡಿದಾಗ ಕಿವಿಗೆ ಬೀಳುವ ಗುರುಗುರು ಇದೇ ಜಾತಿಯದು. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಸೆಕೆಂಡಿಗೆ ಒಂದೇ ಅಲೆ, ಹಾಗಾಗಿ ಅದು ಯಾರಿಗೂ ಕಾಡುವುದಿಲ್ಲ. ನನ್ನ ಗುರುಗಳು ಲೆಕ್ಕ ಹೇಳುತ್ತಿರಲಿಲ್ಲ. "ತಮ್ಮಾ, ನಿನ್ನ ಗಂಧಾರ ಏರೇದ. ತಂಬೂರಿ ಏನ್ ಹೇಳ್ತದ ಮೊದಲ ಕೇಳು" ಎನ್ನುತ್ತಿದ್ದರು. ಪೇಟಿಯಲ್ಲಿ ಅದನ್ನು ಇಳಿಸುವ ದಾರಿ ಆಗ ನನಗೆ ತಿಳಿದಿರಲಿಲ್ಲ. ಗಾಯಕರು ಗಂಧಾರದ ಮೇಲೆ ನಿಂತಾಗ ತಿದಿ ಮೆಲ್ಲಗೆ ಒತ್ತಿ ದನಿ ಸಣ್ಣ ಮಾಡುವುದೊಂದೇ ಉಪಾಯವಾಗಿತ್ತು.

ಕೆಲಸಕ್ಕೆ ಎತ್ತಿಕೊಂಡಿದ್ದು ಮೂರೂವರೆ ಸಪ್ತಕದ, 42 ಕೀಲಿಯ ಪೇಟಿ. ಖರಜ (ಮಂದ್ರ ದನಿಯ ರೀಡು) ಒಂದು ಸಾಲು, ನರ (ಅದಕ್ಕಿಂತ ಒಂದು ಸಪ್ತಕ ಮೇಲಿನದು) ಒಂದು ಸಾಲು, ಒಟ್ಟು 84 ರೀಡು. ಸ್ಕೇಲ್ ಚೇಂಜರ್ ಬೇಡವೇ ಬೇಡ. ಅದರಲ್ಲಿ ಕೀಲಿಮಣೆ ರೀಡುಗಳ ಮೇಲೆ ಸರಿಯುತ್ತದೆ. ಒಂದು ಷಡ್ಜಕ್ಕೆ ಕೂಡಿಸಿದ ಶ್ರುತಿ ಕೀಲಿಮಣೆ ಸರಿಸಿದ ಕೂಡಲೇ ಹಾಳು.

ರೀಡಿನ ತಂತ್ರ ಸರಳ. ಹಿತ್ತಾಳೆಯ ನಾಲಿಗೆಯ ತುದಿಯಲ್ಲಿ ಲೋಹ ಕೆರೆದರೆ ತೂಕ ಇಳಿದು ಸ್ವರ ಏರುತ್ತದೆ. ರಿವೆಟ್ ಇರುವ ಬುಡದ ಕಡೆ ಕೆರೆದರೆ ನಾಲಿಗೆ ಸಡಿಲಾಗಿ ಸ್ವರ ಇಳಿಯುತ್ತದೆ. ಕೆರೆಯುವಾಗ ನಾಲಿಗೆ ಬಾಗದಂತೆ ಕೆಳಗೆ ಉಕ್ಕಿನ ತೆಳು ಪಟ್ಟಿ ತೂರಿಸಬೇಕು. ಗ್ಯಾರೇಜಿನವರ ಫೀಲರ್ ಗೇಜಿನ ಎಲೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅರ ಯಾವಾಗಲೂ ನಾಲಿಗೆಯ ಉದ್ದಕ್ಕೆ ಓಡಬೇಕು. ಅಡ್ಡ ಗೀರು ಬಿದ್ದರೆ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಬುಡದಲ್ಲಿ ಕೆರೆಯುವಾಗ ಇನ್ನೂ ಜಿಪುಣತನ ಬೇಕು, ಎರಡು ಎಳೆತ, ನಂತರ ಕೇಳುವುದು. ಕೆರೆದ ಬಿಸಿಗೆ ಸ್ವರ ಸರಿದಿರುತ್ತದೆ, ತಣಿಯಲು ಬಿಡಬೇಕು. ರೀಡನ್ನು ಕೈಯಲ್ಲಿ ಹಿಡಿದು ಊದಿ ನೋಡಿದ ಸ್ವರ ನಂಬಬಾರದು. ಬೋರ್ಡಿನಲ್ಲಿ ಕೂಡಿಸಿ, ಮುಚ್ಚಳ ಹಾಕಿ, ನೀವು ಕಛೇರಿಯಲ್ಲಿ ಒತ್ತುವಷ್ಟೇ ತಿದಿ ಒತ್ತಿ ಕೇಳಿದ್ದೇ ನಿಜವಾದ ಸ್ವರ. ಗಾಳಿಯ ಒತ್ತಡ ಬದಲಾದರೆ ಸ್ವರವೂ ಕೊಂಚ ಜರುಗುತ್ತದೆ.

ಫೋನಿನ ಟ್ಯೂನರ್ ಹತ್ತಿರಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಮುಂದಿನದೆಲ್ಲ ಕಿವಿಯದು, ಅಲೆ ನಿಲ್ಲುವವರೆಗೆ ಕೇಳುವುದು. ನಾನು ಹಿಡಿದ ಕ್ರಮ ಇದು. ಷಡ್ಜ ಮುಟ್ಟಲಿಲ್ಲ. ಷಡ್ಜಕ್ಕೆ ಪಂಚಮ ಕೂಡಿಸಿದೆ, ಮಧ್ಯಮ ಕೂಡಿಸಿದೆ. ಪಂಚಮದಿಂದ ಕೆಳಗಿನ ಋಷಭ. ಆಮೇಲೆ ಗಂಧಾರ, ತಂಬೂರಿ ಮೀಟುತ್ತ. ಇಷ್ಟಾದ ಮೇಲೆ ಉಳಿದದ್ದೆಲ್ಲ ಅದೇ ಗಂಧಾರದ ಸಂಬಂಧವನ್ನು ಬೇರೆ ಬೇರೆ ಕಡೆ ಹುಡುಕುವ ಕೆಲಸ. ಪಂಚಮವನ್ನು ಷಡ್ಜ ಎಂದುಕೊಂಡರೆ ಅದರ ಗಂಧಾರವೇ ಶುದ್ಧ ನಿಷಾದ. ಮಧ್ಯಮದ ಗಂಧಾರ ಶುದ್ಧ ಧೈವತ. ಋಷಭದ ಗಂಧಾರ ತೀವ್ರ ಮಧ್ಯಮ. ಕೋಮಲ (ಇಳಿದ ರೂಪದ) ಸ್ವರಗಳಿಗೆ ತಿರುಗಿಸಿ ನೋಡಬೇಕು: ಯಾವ ಸ್ವರಕ್ಕೆ ಪಂಚಮ ಗಂಧಾರವಾಗುತ್ತದೋ ಅದು ಕೋಮಲ ಗಂಧಾರ, ಯಾವುದಕ್ಕೆ ಮಧ್ಯಮ ಗಂಧಾರವಾಗುತ್ತದೋ ಅದು ಕೋಮಲ ಋಷಭ, ಯಾವುದಕ್ಕೆ ತಾರಷಡ್ಜ ಗಂಧಾರವಾಗುತ್ತದೋ ಅದು ಕೋಮಲ ಧೈವತ. ಕೋಮಲ ನಿಷಾದಕ್ಕೆ ತಾರ ಋಷಭವೇ ಗಂಧಾರ. ಹೀಗೆ ಕೂಡಿಸುತ್ತ ಹೋದಂತೆ ಒಂದು ಸಂಗತಿ ಕಾಣುತ್ತದೆ. ಶುದ್ಧ ಗ, ಧ, ನಿ ಮೂರೂ 12ರಿಂದ 16 ಸೆಂಟ್ ಇಳಿಯುತ್ತವೆ, ನಾಲ್ಕು ಕೋಮಲಗಳೂ 12ರಿಂದ 18 ಸೆಂಟ್ ಏರುತ್ತವೆ. ಸಮಪಾಲಿನ ಪೇಟಿ ಶುದ್ಧವನ್ನೂ ಕೋಮಲವನ್ನೂ ಒಂದರಿಂದ ಒಂದು ದೂರ ಎಳೆದು ಇಟ್ಟಿತ್ತು ಎಂಬುದು ಬೆರಳಿಗೇ ಗೊತ್ತಾಯಿತು.

ಮಧ್ಯ ಸಪ್ತಕ ಮುಗಿದ ಮೇಲೆ ಮಿಕ್ಕ ಸಪ್ತಕಗಳಿಗೆ ಅದನ್ನೇ ನಕಲು ಮಾಡುವುದು, ಬೇಸರದ ಕೆಲಸ, ಹೇಳುವಂಥದ್ದೇನಿಲ್ಲ. ಒಂದು ಮಾತು ಮಾತ್ರ. ದನಿ ಮಿನುಗಲಿ ಎಂದು ಎರಡು ಸಾಲುಗಳ ನಡುವೆ ಕೊಂಚ ವ್ಯತ್ಯಾಸ ಉಳಿಸುವ ರೂಢಿ ಇದೆ. ನಾನು ಅದನ್ನು ಪೂರ್ತಿ ತೆಗೆದೆ. ಆ ಮಿನುಗು ಇದ್ದರೆ ಈ ಕೆಲಸಕ್ಕೆ ಅರ್ಥವೇ ಇರುವುದಿಲ್ಲ.

ಫಲ ಮೊದಲು ಕಂಡದ್ದು ಯಮನ್‌ನಲ್ಲಿ. ಗಾಯಕರು ಗಂಧಾರದ ಮೇಲೆ ನ್ಯಾಸ ಮಾಡಿ ನಿಂತಾಗ ಪೇಟಿ ಎಲ್ಲಿ ಮುಗಿಯಿತು, ತಂಬೂರಿ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಲು ಬರಲಿಲ್ಲ. ಕಡಿಮೆ ಗಾಳಿಯಲ್ಲೇ ದನಿ ತುಂಬಿತು. ಕೊರಳಿಗೆ ಎದುರಾಗಿ ನಿಲ್ಲುತ್ತಿದ್ದ ವಾದ್ಯ ಕೊರಳಿನ ಹಿಂದೆ ನಿಲ್ಲುವುದನ್ನು ಕಲಿತಿತು. ಸಾಥ್ ಕೊಡುವವನಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ.

ಆದರೆ ತಕರಾರು ಇಲ್ಲಿಂದಲೇ ಶುರು. ಹೀಗೆ ಕೂಡಿಸಿದ ಋಷಭ 204 ಸೆಂಟ್, ಧೈವತ 884. ಎರಡರ ನಡುವೆ ಪಂಚಮದ ಅಂತರ ಇರಬೇಕು, 702. ಸಿಗುವುದು 680. ಎರಡನ್ನೂ ಒಟ್ಟಿಗೆ ಒತ್ತಿದರೆ ಕೇಳಲಾಗದಷ್ಟು ಕರ್ಕಶ. ಧೈವತವನ್ನು 906ಕ್ಕೆ ಏರಿಸಿದರೆ ಋಷಭಕ್ಕೆ ಕೂಡುತ್ತದೆ, ಮಧ್ಯಮದೊಂದಿಗೆ ಮುರಿದುಬೀಳುತ್ತದೆ. ಯಾವುದು ಸರಿ ಎಂದು ಕೇಳಿದರೆ ಉತ್ತರ ರಾಗದಲ್ಲಿದೆ. ಭೂಪದ ಧೈವತಕ್ಕಿಂತ ದೇಶಕಾರದ್ದು ಏರು ಎಂದು ಗಾಯಕರು ಹೇಳುತ್ತಲೇ ಬಂದಿದ್ದಾರೆ. ಈ 22 ಸೆಂಟಿನ ಅಂತರ, 81ಕ್ಕೆ 80ರ ಪ್ರಮಾಣ, ಸಪ್ತಕದಲ್ಲಿ 22 ಸೂಕ್ಷ್ಮ ಸ್ವರಸ್ಥಾನಗಳನ್ನು ಎಣಿಸುವ ಶ್ರುತಿಗಳ ಇಡೀ ಚರ್ಚೆಯ ಕೇಂದ್ರದಲ್ಲಿದೆ. ಷಡ್ಜ, ಪಂಚಮ ಬಿಟ್ಟು ಮಿಕ್ಕ ಹತ್ತು ಸ್ವರಗಳಿಗೂ ಇಷ್ಟೇ ದೂರದಲ್ಲಿ ಒಂದೊಂದು ಜೋಡಿ ಇಟ್ಟರೆ 22 ಆಗುತ್ತದೆ.

ಈ ಹಾದಿಯಲ್ಲಿ ನಮ್ಮ ಸೀಮೆಯ ಆಸುಪಾಸಿನವರೇ ನೂರು ವರ್ಷ ಮೊದಲು ನಡೆದಿದ್ದಾರೆ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ಐಸಿಎಸ್ ಅಧಿಕಾರಿಯಾಗಿದ್ದ ಅರ್ನೆಸ್ಟ್ ಕ್ಲೆಮೆಂಟ್ಸ್ ಸೇರಿ ಲಂಡನ್ನಿನಲ್ಲಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ದೇವಲರ ಪ್ರಯೋಗಗಳಿಗೆ ಕೊರಳು, ಕಿವಿ ಕೊಟ್ಟವರು ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಅಬ್ದುಲ್ ಕರೀಂ ಖಾನ್, ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. 1916ರ ಬಡೋದೆ ಸಂಗೀತ ಸಮ್ಮೇಳನದಲ್ಲಿ ಈ ವಾದ್ಯದ ಚರ್ಚೆಯೂ ನಡೆಯಿತು. ಆದರೆ ಜನ ಕೊಂಡದ್ದು ಸಮಪಾಲಿನ ಅಗ್ಗದ ಪೇಟಿಯನ್ನೇ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಅದಕ್ಕೆ ಮುಂಚೆ ಪೇಟಿಯ ವಿರುದ್ಧ ಬರೆದವರಲ್ಲಿ ರೇಡಿಯೊದ ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್ ಒಬ್ಬರು. ತಮ್ಮ ಕೃತಿಗಳಲ್ಲಿ ಕಾಲುಸ್ವರಗಳನ್ನು (ಪೇಟಿಯ ಪಕ್ಕಪಕ್ಕದ ಕೀಲಿಗಳ ನಡುವೆ ಬರುವ ಸ್ವರಗಳನ್ನು) ಬಳಸಿದ ಮನುಷ್ಯ, ಅವರ ಕಿವಿಯನ್ನು ನಾನು ಗೌರವಿಸುತ್ತೇನೆ. ಅಂದು ಪೇಟಿಯನ್ನು ಹೊರಗಟ್ಟುವ ಬದಲು ಅದರ ರೀಡು ತಿದ್ದಿಸಿದ್ದರೆ ಎಷ್ಟೊಂದು ಒಳ್ಳೆಯ ಕಾರೀಗರರು ತಯಾರಾಗುತ್ತಿದ್ದರು ಎಂದು ಮನಸ್ಸು ಮರುಗುತ್ತದೆ.

ಅಮೆರಿಕದ ಸಂಯೋಜಕ ಹ್ಯಾರಿ ಪಾರ್ಚ್ ಇದೇ ಕೆಲಸವನ್ನು ಇನ್ನೊಂದು ತುದಿಯಿಂದ ಮಾಡಿದರು. ಹಳೆಯ ರೀಡ್ ಆರ್ಗನ್ ತೆಗೆದುಕೊಂಡು ರೀಡುಗಳನ್ನು ತಿದ್ದಿ, ಸಪ್ತಕಕ್ಕೆ 43 ಸ್ವರ ಕೂಡಿಸಿ, ಅದಕ್ಕೆ ಕ್ರೊಮೆಲೋಡಿಯನ್ ಎಂದು ಹೆಸರಿಟ್ಟರು. ಕೀಲಿಗಳಿಗೆ ಬಣ್ಣ ಹಚ್ಚಿ ಪ್ರಮಾಣ ಗುರುತಿಸಿದರು. ಆ ಬಣ್ಣದ ಉಪಾಯವನ್ನು ನಾನು ಎತ್ತಿಕೊಂಡಿದ್ದೇನೆ. ಏರು ಶ್ರುತಿಗೆ ಕೆಂಪು ಚುಕ್ಕೆ, ಇಳಿ ಶ್ರುತಿಗೆ ನೀಲಿ, ವೇದಿಕೆಯ ಮಂದ ಬೆಳಕಿನಲ್ಲಿ ಬಹಳ ಸಹಾಯ. ಅಮೆರಿಕದವರೇ ಆದ ಸಂಯೋಜಕರು ಲಾ ಮಾಂಟೆ ಯಂಗ್, ಟೆರ್ರಿ ರೈಲಿ ಇಬ್ಬರೂ ಕಿರಾಣಾದ ಪಂಡಿತ್ ಪ್ರಾಣನಾಥರ ಶಿಷ್ಯರಾದರು, ರೈಲಿ ಶುದ್ಧ ಪ್ರಮಾಣಕ್ಕೆ ತಿದ್ದಿದ ಆರ್ಗನ್ ನುಡಿಸಿದರು. ನಮ್ಮ ಊರಿನಲ್ಲಿ ಬೇರುಬಿಟ್ಟ ಘರಾಣೆಯ ಸ್ವರ ಅಲ್ಲಿಯ ವಾದ್ಯಗಳವರೆಗೆ ಹೋಗಿದೆ, ಇಲ್ಲಿಯ ಪೇಟಿಗೆ ಯಾಕೆ ಬರಬಾರದು?

ಎರಡನೇ ಪೇಟಿಗೆ ಎರಡೂ ಸಾಲು ನರ ರೀಡು ಹಾಕಿಸಿದೆ. ಒಂದು ಸಾಲಿಗೆ ಮೇಲೆ ಹೇಳಿದ ಸ್ವರಗಳು, ಇನ್ನೊಂದಕ್ಕೆ ಅವುಗಳ ಜೋಡಿ: ಋಷಭ 182, ಗಂಧಾರ 408, ಧೈವತ 906, ನಿಷಾದ 1110, ಹೀಗೆ. ಷಡ್ಜ, ಪಂಚಮ ಎರಡೂ ಸಾಲಿನಲ್ಲಿ ಒಂದೇ. ಸ್ಟಾಪ್ (ರೀಡಿನ ಸಾಲಿಗೆ ಗಾಳಿ ಬಿಡುವ ಗುಬುಟು) ಎಳೆದರೆ ಇಡೀ ಸಾಲು ಬದಲಾಗುತ್ತದೆ, ಅದೇ ಅದರ ಮಿತಿ. ರಾಗಕ್ಕೆ ಬೇಕಾದದ್ದು ಅಲ್ಲಿಂದ ನಾಲ್ಕು, ಇಲ್ಲಿಂದ ಮೂರು. ಅದಕ್ಕೆ ನಾನು ಮಾಡುವುದು ಇಷ್ಟು: ಹಾಡುವ ರಾಗ ಮೊದಲೇ ಗೊತ್ತಿದ್ದರೆ ಬೇಡದ ರೀಡುಗಳ ಬಾಯಿಗೆ ಕಾಗದದ ಪಟ್ಟಿ ಅಂಟಿಸಿ ಎರಡೂ ಸ್ಟಾಪ್ ತೆರೆದಿಡುವುದು. ಷಡ್ಜ, ಪಂಚಮಕ್ಕೂ ಒಂದೊಂದನ್ನು ಮುಚ್ಚಬೇಕು, ಇಲ್ಲದಿದ್ದರೆ ಅವೆರಡೇ ಜೋರಾಗುತ್ತವೆ. ಡಾ. ವಿದ್ಯಾಧರ ಓಕ್ ಅವರ 22 ಶ್ರುತಿ ಹಾರ್ಮೋನಿಯಂ ಪ್ರತಿ ಸ್ವರಕ್ಕೂ ಬೇರೆ ಆಯ್ಕೆ ಕೊಟ್ಟು ಈ ತೊಡಕನ್ನು ನಿವಾರಿಸುತ್ತದೆ.

ಹೊಸಬರಿಗೆ ನನ್ನ ಸಲಹೆ, 22ರ ಹಿಂದೆ ಬೀಳಬೇಡಿ. ಒಂದು ಷಡ್ಜಕ್ಕೆ 12 ಸ್ವರ ಶುದ್ಧವಾಗಿ ಕೂಡಿದರೆ ಬಹುಪಾಲು ರಾಗಗಳಲ್ಲಿ ಪೇಟಿಯ ಮೇಲಿನ ದೂರು ಅಡಗುತ್ತದೆ. ದರಬಾರಿ ರಾಗದ ಗಂಧಾರ ಆಂದೋಲನದಲ್ಲಿ (ನಿಧಾನ ತೂಗಾಟದಲ್ಲಿ) ಬದುಕುವಂಥದ್ದು, ಅದನ್ನು ಯಾವ ರೀಡಿನಿಂದಲೂ ತರಲಾಗದು. ಅಲ್ಲಿ ಕೈ ಎತ್ತಿ ಗಾಯಕರಿಗೆ ಜಾಗ ಬಿಡುವುದೇ ಸಾಥ್. ಹಳೆಯ ಪೇಟಿಯೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಹೊಸದಾಗಿ ಕೆರೆದ ರೀಡುಗಳು ಕೆಲವು ವಾರಗಳಲ್ಲಿ ಕೊಂಚ ಸರಿಯುತ್ತವೆ, ಇನ್ನೊಮ್ಮೆ ಕೂಡಿಸಬೇಕಾಗುತ್ತದೆ.

ಉಳಿದ ತೊಡಕು ಷಡ್ಜದ್ದು. ಕಪ್ಪು ಒಂದಕ್ಕೆ ತಿದ್ದಿದ ಪೇಟಿಯನ್ನು ಬಿಳಿ ಒಂದರಿಂದ ನುಡಿಸಿದರೆ ಗಂಧಾರ 427 ಸೆಂಟಿಗೆ ಹೋಗಿ ನಿಲ್ಲುತ್ತದೆ, ಅಂಗಡಿಯ ಪೇಟಿಗಿಂತಲೂ ಕೆಟ್ಟದು. ಆದರೆ ಕಪ್ಪು ನಾಲ್ಕರಿಂದ, ಅಂದರೆ ಪಂಚಮವನ್ನೇ ಷಡ್ಜ ಮಾಡಿಕೊಂಡು ನುಡಿಸಿದರೆ ಬಹುತೇಕ ಎಲ್ಲವೂ ಕೂಡುತ್ತವೆ. ತೀವ್ರ ಮಧ್ಯಮ 20 ಸೆಂಟ್ ಏರುತ್ತದೆ, ಅದನ್ನು ಸಹಿಸಬಹುದು. ಋಷಭ 182ಕ್ಕೆ ಇಳಿಯುತ್ತದೆ, ಅದು ಸಲ್ಲದು. ನನ್ನ ಜೊತೆ ಹಾಡುವ ಅಕ್ಕ ಒಬ್ಬರ ಷಡ್ಜ ಕಪ್ಪು ನಾಲ್ಕು. ಅವರಿಗಾಗಿ ಈಗ ಕಪ್ಪು ಐದರ ಕೀಲಿಗೆ 906 ಸೆಂಟಿನ ರೀಡು ಬೇರೆಯಾಗಿ ಕೂಡಿಸಿ, ಅದೊಂದಕ್ಕೇ ಸಣ್ಣ ಸ್ಟಾಪ್ ಮಾಡಿಸುತ್ತಿದ್ದೇನೆ. ಅದು ಕೂತರೆ ಒಂದೇ ಪೇಟಿ ಎರಡು ಷಡ್ಜಕ್ಕೆ ಒದಗುತ್ತದೆ.