ವಿಟಿ220 ಟರ್ಮಿನಲ್‌ನಲ್ಲಿ ತೋಟದ ಮಳೆ ಲೆಕ್ಕ

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಆಫೀಸಿನಲ್ಲಿ ಮಳೆ ಲೆಕ್ಕ ತೋರಿಸಲು ನಾನು ಕೂರಿಸಿದ್ದು ವಿಟಿ220. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1983ರಲ್ಲಿ ತಂದ ಟರ್ಮಿನಲ್ ಇದು, ಅಂದರೆ ಬೇರೆ ಕಂಪ್ಯೂಟರ್ ಕಳಿಸಿದ ಅಕ್ಷರಗಳನ್ನು ತೋರಿಸುವ ಪರದೆ ಮತ್ತು ಕೀಲಿಮಣೆ. 24 ಸಾಲಿನ ದಪ್ಪಕ್ಷರ ಬಾಗಿಲಿನಿಂದಲೇ ಕಾಣುತ್ತದೆ, ಈ ಕೆಲಸಕ್ಕೆ ಅಷ್ಟು ಸಾಕು.

ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲೇ ಹೇಳುವುದು. ನೂರು ಸೆಂಟಿಗೆ ಒಂದಿಂಚು. ಹಾಗಾಗಿ ಒಳಗಿನ ಪುಟ್ಟ ಬಕೆಟ್ ತುಂಬಿದಾಗಲೆಲ್ಲ ಮಗುಚುವ ಮಳೆಮಾಪಕ ಕೊಳ್ಳುವಾಗ 0.254 ಮಿ.ಮೀ.ನದನ್ನೇ ಆರಿಸಿ, ಒಂದು ಮಗುಚಿಗೆ ಸರಿಯಾಗಿ ಒಂದು ಸೆಂಟು. ಅದರ ರೀಡ್ ಸ್ವಿಚ್‌ನ (ಅಯಸ್ಕಾಂತ ಹತ್ತಿರ ಬಂದಾಗ ಕೂಡುವ ಸ್ವಿಚ್) ಎರಡು ವೈರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಒಂದು ಪಿನ್ನಿಗೂ ಗ್ರೌಂಡಿಗೂ ಹೋಗುತ್ತವೆ. ಸ್ವಿಚ್ ಬಿಟ್ಟಿರುವಾಗ ಪಿನ್ನನ್ನು ಹೈ ಆಗಿಡುವ ಪೈ ಒಳಗಿನ ಪುಲ್‌ಅಪ್ ಆನ್ ಮಾಡಿ. ಸ್ವಿಚ್ ಅದುರಿ ಒಂದು ಮಗುಚು ಎರಡು ಮೂರಾಗಿ ಎಣಿಕೆಯಾಗುವುದುಂಟು. ಗಂಟೆಗೆ 4 ಇಂಚು ಸುರಿದರೂ ಎರಡು ಮಗುಚಿನ ನಡುವೆ 9 ಸೆಕೆಂಡು ಇರುತ್ತದೆ, ಆದ್ದರಿಂದ 200 ಮಿಲಿಸೆಕೆಂಡಿನೊಳಗೆ ಬಂದದ್ದನ್ನು ಧೈರ್ಯವಾಗಿ ಬಿಟ್ಟುಬಿಡಿ.

ಪೈನಿಂದ ಟರ್ಮಿನಲ್‌ಗೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ಮೂರೇ ವೈರು. ಹೆಚ್ಚಿನವರು ಎಡವುವುದು ಇಲ್ಲೇ. ಟರ್ಮಿನಲ್‌ನ 25 ಪಿನ್ನಿನಲ್ಲಿ 2 ಕಳಿಸುವುದು, 3 ಪಡೆಯುವುದು. ಅಡಾಪ್ಟರ್‌ನ 9 ಪಿನ್ನಿನಲ್ಲಿ ಅದೇ ತಿರುವುಮುರುವು. ಆದ್ದರಿಂದ 2ಕ್ಕೆ 2, 3ಕ್ಕೆ 3 ನೇರ ಬೆಸೆದರೆ ಕ್ರಾಸ್ ತಾನಾಗಿಯೇ ಆಗುತ್ತದೆ. ಗ್ರೌಂಡ್ ಮಾತ್ರ 7ರಿಂದ 5ಕ್ಕೆ. ಎಫ್3 ಒತ್ತಿ ಸೆಟಪ್‌ನಲ್ಲಿ 9600, 8 ಬಿಟ್, ಪ್ಯಾರಿಟಿ ಇಲ್ಲ, 'ಡೇಟಾ ಲೀಡ್ಸ್ ಓನ್ಲಿ' ಎಂದಿಡಿ. 'ತಾಳು', 'ಕಳಿಸು' ಎಂದು ಹೇಳುವ ಎಕ್ಸ್‌ಆನ್/ಎಕ್ಸ್‌ಆಫ್ ಎರಡೂ ಕಡೆ ಆನ್ ಇರಲಿ, ಇಲ್ಲವಾದರೆ ಅಕ್ಷರ ನುಂಗುತ್ತದೆ.

ಕನ್ನಡದಲ್ಲಿ ತೋರಿಸುವ ಆಸೆ ನನಗೂ ಇತ್ತು, ಆಗುವುದಿಲ್ಲ. ಈಗಿನ ಕಂಪ್ಯೂಟರ್‌ಗಳು ಕನ್ನಡಕ್ಕೆ ಬಳಸುವ ಯುಟಿಎಫ್-8 ಸಂಕೇತದಲ್ಲಿ ನಮ್ಮ ಒಂದೊಂದು ಮೂಲಾಕ್ಷರವೂ ಒಂದೊಂದು ಗುಣಿತ ಚಿಹ್ನೆಯೂ ಮೂರು ಬೈಟು. 'ಐ'ಯ ಕೊನೆಯ ಬೈಟು ಹೆಕ್ಸ್ 90. ಟರ್ಮಿನಲ್‌ಗೆ ಅದು ಕಂಟ್ರೋಲ್ ಸ್ಟ್ರಿಂಗ್‌ನ, ಅಂದರೆ ತನಗೇ ಬಂದ ಆಜ್ಞೆಯ ಆರಂಭ. ಮುಂದೆ ಬಂದದ್ದನ್ನೆಲ್ಲ ಅದು ತೋರಿಸದೆ ಒಳಗೆ ಹಾಕಿಕೊಳ್ಳುತ್ತದೆ, ಪರದೆ ಸತ್ತಂತೆ ಕಾಣುತ್ತದೆ. ಪ್ರೋಗ್ರಾಂನಿಂದ ಬರೀ ಆಸ್ಕಿ, ಅಂದರೆ ಸಾದಾ ಇಂಗ್ಲಿಷ್ ಅಕ್ಷರ, ಅಂಕಿ ಕಳಿಸಿ.

ನಿಮಿಷಕ್ಕೊಮ್ಮೆ ಗಡಿಯಾರ ಬರೆಸಬೇಡಿ. ಹಾಗೆ ಮಾಡಿದರೆ ಸ್ಕ್ರೀನ್ ಸೇವರ್‌ಗೆ ಅವಕಾಶವೇ ಸಿಗದೆ ಪರದೆಯ ಒಳಗಿನ ಹೊಳೆಯುವ ಲೇಪ (ಫಾಸ್ಫರ್) ಸುಟ್ಟು ಅಂಕಿಗಳ ನೆರಳು ಉಳಿಯುತ್ತದೆ. ಬಕೆಟ್ ಮಗುಚಿದಾಗ ಮಾತ್ರ ಬರೆಯಲಿ.

ಹೊರದೇಶದಿಂದ ಬಂದ ಸೆಟ್ಟಾದರೆ ಹಿಂದಿನ ವೋಲ್ಟೇಜ್ ಸ್ವಿಚ್ 230ರ ಕಡೆ ಇದೆಯೇ ನೋಡಿಯೇ ಪ್ಲಗ್ ಹಾಕಿ. ಜೂನ್, ಜುಲೈನ ತೇವದಲ್ಲಿ ಸುಮ್ಮನೆ ಇಟ್ಟ ಸೆಟ್ಟನ್ನು ಒಮ್ಮೆಲೇ ಆನ್ ಮಾಡಿದರೆ ಒಳಗಿನ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್ (ಫ್ಲೈಬ್ಯಾಕ್) ಹತ್ತಿರ ಚಟಚಟ ಕಿಡಿ ಹಾರುತ್ತದೆ. ಒಂದಿಡೀ ದಿನ ಬೆಚ್ಚಗಿನ, ಒಣ ಕೋಣೆಯಲ್ಲಿಟ್ಟು ಆಮೇಲೆ ಆನ್ ಮಾಡಿ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಡಿಸ್ಚಾರ್ಜ್ ಮಾಡಲು ತಿಳಿಯದವರು ಕವಚ ಬಿಚ್ಚಲೇಬಾರದು. ಏಪ್ರಿಲ್‌ನ ಗುಡುಗು ಮಳೆಗೆ ಮುಂಚೆ ಹೊರಗಿನ ಮಾಪಕದ ವೈರನ್ನೂ ಪೈನಿಂದ ಕಳಚಿಡಿ.