ಏರಿದ್ದು ಮೆಣಸಿನಕಾಯೋ, ರೇಟೋ? ಸಪ್ತಾಪುರದ ರೂಮಿನಲ್ಲಿ ನಾನು ಇಂಗ್ಲಿಷ್ ಗ್ರಾಮರ್ ಕಲಿತದ್ದು

ಎಸ್‌ಎಸ್‌ಸಿ ಸಿಜಿಎಲ್‌ಗೆಂದು (ಪದವೀಧರರಿಗೆ ಕೇಂದ್ರ ಸರ್ಕಾರಿ ನೌಕರಿಯ ಪರೀಕ್ಷೆ) ಬರೆದ ಮೊದಲ ಮಾಕ್ ಟೆಸ್ಟಿನಲ್ಲಿ ನನಗೆ ಇಂಗ್ಲಿಷ್‌ಗೆ ಬಂದದ್ದು 50ಕ್ಕೆ 10. ಮೊದಲ ಹಂತವಾದ ಟಿಯರ್ 1ರಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ. ಸರಿಯಾದರೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಟ್. ನಾನು ಒಂದನ್ನೂ ಬಿಡದೆ ಒತ್ತಿದ್ದೆ. 9 ಸರಿ, 16 ತಪ್ಪು.

ರೋಣದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಧಾರವಾಡಕ್ಕೆ ಬಂದವನು ನಾನು. ಸಪ್ತಾಪುರದ ಓಣಿಗಳನ್ನು ಕಂಡವರಿಗೆ ಗೊತ್ತು: ಕೋಚಿಂಗ್ ಬೋರ್ಡು, ಜೆರಾಕ್ಸ್ ಅಂಗಡಿ, ಮೆಸ್ಸು, ಮತ್ತೆ ಕೋಚಿಂಗ್ ಬೋರ್ಡು. ನಾನು ಸೇರಿದ ಕ್ಲಾಸಿನಲ್ಲಿ ರಾಶಿ ರೂಲ್ಸ್ ಬರೆಸಿದರು. ಎಲ್ಲಾ ಬಾಯಿಪಾಠ ಮಾಡಿದೆ. ಆದರೆ ವಾಕ್ಯ ಎದುರಿಗೆ ಬಂದಾಗ ಯಾವ ರೂಲ್ ಹಚ್ಚಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಕೊನೆಗೆ ಕಿವಿಗೆ ಸರಿ ಕೇಳಿಸಿದ್ದನ್ನು ಒತ್ತುತ್ತಿದ್ದೆ. ಇಂಗ್ಲಿಷ್ ಕೇಳದೇ ಬೆಳೆದ ಕಿವಿ, ಅದೇನು ಹೇಳೀತು?

ದಾರಿ ಸಿಕ್ಕಿದ್ದು ರೂಮ್‌ಮೇಟ್‌ನಿಂದ. ಅವನು ಬ್ಯಾಡಗಿಯವನು. ಒಂದು ಸಂಜೆ ಗಿರಮಿಟ್ ತಿನ್ನುತ್ತಾ, ತಪ್ಪು ಹುಡುಕು ಅಂತ ನನಗೊಂದು ವಾಕ್ಯ ಕೊಟ್ಟ: ‘ದಿ ಪ್ರೈಸ್ ಆಫ್ ಬ್ಯಾಡಗಿ ಚಿಲೀಸ್ ಆರ್ ರೈಸಿಂಗ್.’ ನಾನು ‘ನೋ ಎರರ್’ ಅಂದೆ. ಅವನು ನಕ್ಕ. “ಲೇ, ಏರಾಕತ್ತಿದ್ದು ಏನು? ಮೆಣಸಿನಕಾಯೋ, ರೇಟೋ?”

ರೇಟು! ಅದು ಒಂದೇ. ಹಾಗಾಗಿ ‘ಈಸ್’ ಬರಬೇಕು. ಇದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ನಾವು ತಪ್ಪುವುದಿಲ್ಲ. ‘ಮೆಣಸಿನಕಾಯಿಯ ರೇಟು ಏರುತ್ತಿದೆ’ ಅನ್ನುವಾಗ ರೇಟು ಕ್ರಿಯಾಪದದ ಪಕ್ಕದಲ್ಲೇ ಕೂತಿರುತ್ತದೆ. ಇಂಗ್ಲಿಷ್‌ನಲ್ಲಿ ರೇಟು ಮುಂದೆ ಹೋಗಿಬಿಡುತ್ತದೆ, ನಡುವೆ ಮೆಣಸಿನಕಾಯಿ ಬಂದು ಕೂರುತ್ತದೆ. ನಾವು ಪಕ್ಕದವನನ್ನೇ ಯಜಮಾನ ಅಂದುಕೊಳ್ಳುತ್ತೇವೆ. ಅವತ್ತಿನಿಂದ ಯಾವ ವಾಕ್ಯ ಬಂದರೂ ಮೊದಲು ಕ್ರಿಯಾಪದ ಹುಡುಕಿ, ‘ಯಾರು? ಏನು?’ ಅಂತ ಕೇಳುವುದು ರೂಢಿ ಮಾಡಿಕೊಂಡೆ. ‘ಆಫ್’, ‘ಅಲಾಂಗ್ ವಿತ್’, ‘ಆಸ್ ವೆಲ್ ಆಸ್’ ಆದಮೇಲೆ ಕ್ರಿಯಾಪದದವರೆಗೆ ಬರುವುದನ್ನೆಲ್ಲ ಬೆರಳಿನಿಂದ ಮುಚ್ಚಿ ಓದುತ್ತಿದ್ದೆ. (‘ಎ ನಂಬರ್ ಆಫ್’ ಬಂದರೆ ಮಾತ್ರ ಬೆರಳು ತೆಗೆಯಬೇಕು. ಅಲ್ಲಿ ‘ಆರ್’ ಸರಿ.)

ಆಮೇಲೆ ಒಂದು ನೋಟ್‌ಬುಕ್ ಮಾಡಿದೆ. ಹಳೇ ಪೇಪರ್‌ಗಳಲ್ಲಿ ತಪ್ಪಾದ ಪ್ರಶ್ನೆಗಳು ಮಾತ್ರ ಅದರಲ್ಲಿ. ರೂಲ್ ಬರೆಯಲಿಲ್ಲ. ನಾನು ಕನ್ನಡದಲ್ಲಿ ಏನು ಯೋಚಿಸಿ ತಪ್ಪಿದೆ ಅನ್ನುವುದನ್ನು ಬರೆದೆ. ಎರಡು ತಿಂಗಳಲ್ಲಿ ನೋಡಿದರೆ ಅವೇ ಅವೇ ತಪ್ಪು! ‘ಡಿಸ್ಕಸ್ ಅಬೌಟ್’ ಅಂದದ್ದು ನಮ್ಮ ‘ಬಗ್ಗೆ’ಯಿಂದ, ಅಲ್ಲಿ ‘ಅಬೌಟ್’ ಬೇಡ. ‘ಮ್ಯಾರೀಡ್ ವಿತ್’ ಅಂದದ್ದು ‘ಜೊತೆ’ಯಿಂದ, ಅಲ್ಲಿ ‘ಟು’ ಬೇಕು. ‘ಸೀನಿಯರ್ ದ್ಯಾನ್’ ಅಂದದ್ದು ‘ಗಿಂತ’ದಿಂದ, ಅಲ್ಲೂ ‘ಟು’. ಜಾಸ್ತಿ ಕಾಡಿದ್ದು ‘ಇಂದ’. ‘2 ವರ್ಷದಿಂದ’, ‘ಸೋಮವಾರದಿಂದ’, ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಲು ಬಂದರೆ ‘ಸಿನ್ಸ್’, ಎಣಿಸಲು ಬಂದರೆ ‘ಫಾರ್’ ಅಂತ ಇಟ್ಟುಕೊಂಡೆ. ‘ಧಾರವಾಡದಲ್ಲಿ 2 ವರ್ಷದಿಂದ ಇದ್ದೇನೆ’ ಅನ್ನುವುದು ‘ಐ ಆಮ್’ ಆಗದು, ‘ಐ ಹ್ಯಾವ್ ಬೀನ್’ ಆಗಬೇಕು ಅನ್ನುವುದು ತಲೆಗೆ ಹೋಗಲು ಇನ್ನೊಂದು ತಿಂಗಳು ಹಿಡಿಯಿತು.

ಕನ್ನಡ ಬರೀ ಅಡ್ಡ ಬಂತು ಅಂತಲ್ಲ. ‘ಮಳೆ ಬಂದರೆ ಮ್ಯಾಚ್ ನಿಲ್ಲುತ್ತದೆ’ ಅನ್ನುವಾಗ ನಾಳೆಯ ಮಳೆಗೂ ‘ಬಂದರೆ’ ಅನ್ನುತ್ತೇವೆ, ಅಲ್ವಾ? ಇಂಗ್ಲಿಷ್‌ನಲ್ಲೂ ‘ಇಫ್’ ಇರುವ ಅರ್ಧದಲ್ಲಿ ‘ವಿಲ್’ ಹಾಕುವುದಿಲ್ಲ. ‘ಎ’, ‘ಆನ್’ ಗೊಂದಲಕ್ಕಂತೂ ನಮ್ಮ ಲಿಪಿಯೇ ಮದ್ದಾಯಿತು. ಪದವನ್ನು ಕನ್ನಡದಲ್ಲಿ ಬರೆದು ನೋಡುತ್ತಿದ್ದೆ. ಗಂಟೆ ಅನ್ನುವ ‘ಅವರ್’ ಸ್ವರದಿಂದ ಶುರು, ಹಾಗಾಗಿ ‘ಆನ್’. ‘ಯೂನಿವರ್ಸಿಟಿ’ ವ್ಯಂಜನದಿಂದ, ಹಾಗಾಗಿ ‘ಎ’. ‘ಎಂಎಲ್‌ಎ’ಗೆ ‘ಆನ್’. ನಮ್ಮೂರಿನ ಬಾಯಿಯಲ್ಲಿ ಅದು ‘ಯಮ್ಮೆಲ್ಲೆ’, ಹಾಗೆ ಬರೆದುಕೊಂಡರೆ ಕೆಟ್ಟಿತು! ‘ಒನ್’ ಕೂಡ ಮೋಸಗಾರ. ಉಚ್ಚಾರ ‘ವನ್’, ಅದಕ್ಕೆ ‘ಎ’ ಹಾಕಬೇಕು.

ಟೈಮ್ ವಿಷಯ ಇಷ್ಟೇ: 60 ನಿಮಿಷದಲ್ಲಿ 100 ಪ್ರಶ್ನೆ. ಇಂಗ್ಲಿಷ್‌ಗೆ ನಾನು 10 ನಿಮಿಷಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಉಳಿದದ್ದು ಗಣಿತಕ್ಕೆ ಬೇಕು.

ಪರೀಕ್ಷೆಯಲ್ಲಿ 19 ಸರಿ, 3 ತಪ್ಪು, 3 ಬಿಟ್ಟೆ. ಒಟ್ಟು 36.5. ಬಿಟ್ಟ ಮೂರರಲ್ಲಿ ಎರಡು ಈಡಿಯಮ್ (ನುಡಿಗಟ್ಟು). ಅಲ್ಲಿ ಬೆರಳಿನಿಂದ ಮುಚ್ಚಿ ಓದಿದರೂ ಏನೂ ಕಾಣಲಿಲ್ಲ.