ಮಾತು ಹೋದರೂ ಉಳಿದಿದ್ದ ಜಪ

ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದಾಗ ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಯಿತು. ಹೆಚ್ಚಿನವರಲ್ಲಿ ಮಾತಿನ ಕೇಂದ್ರವಿರುವುದು ಮೆದುಳಿನ ಎಡಭಾಗದಲ್ಲಿ, ದೇಹದ ಬಲಭಾಗವನ್ನು ನಡೆಸುವುದೂ ಅದೇ; ಅಲ್ಲಿಗೆ ರಕ್ತ ಹರಿಯುವುದು ನಿಂತರೆ ಎರಡೂ ಒಟ್ಟಿಗೇ ಸೋಲುವುದುಂಟು ಎಂದು ವೈದ್ಯರು ವಿವರಿಸಿದರು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ನೀರು ಕೇಳಬೇಕೆಂದರೆ ಮಾತ್ರ ಬಾಯಿ ತೆರೆದು, ಪದ ಸಿಗದೆ ಕಣ್ಣು ತುಂಬಿಕೊಳ್ಳುತ್ತಿದ್ದರು.

ನಾವು ದಕ್ಷಿಣ ಕನ್ನಡದ ಕೊಂಕಣಿ ಕ್ಯಾಥೋಲಿಕರು. ಸಂಜೆಯ ತೇರ್ಸ್, ಅಂದರೆ ಜಪಮಾಲೆ, ನಮ್ಮ ಮನೆಯಲ್ಲಿ ತಪ್ಪುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮಂಚದ ಪಕ್ಕದಲ್ಲೇ ಕುಳಿತು ಶುರುಮಾಡಿದೆವು. ಮರಿಯಮ್ಮನ ಪ್ರಾರ್ಥನೆಯಾದ ‘ನಮಾನ್ ಮರಿಯೆ’ಯ ಮೊದಲರ್ಧ ನಾನು ಹೇಳಿ ನಿಲ್ಲಿಸಿದೆ. ಉಳಿದರ್ಧವನ್ನು ಅತ್ತೆಯ ದನಿಯೊಂದಿಗೆ ಅವರೂ ಹೇಳಿದರು. ನಾಲಿಗೆ ತೊದಲುತ್ತಿತ್ತು, ಆದರೆ ಒಂದು ಪದವೂ ಬಿಟ್ಟುಹೋಗಲಿಲ್ಲ.

ಅತ್ತೆ ಪವಾಡವೆಂದು ಅತ್ತುಬಿಟ್ಟರು. ಸ್ಪೀಚ್ ಥೆರಪಿಸ್ಟ್ ಹೇಳಿದ್ದು ಬೇರೆ: ಬಾಯಿಪಾಠವಾದ ಪ್ರಾರ್ಥನೆ, ಎಣಿಕೆ, ವಾರಗಳ ಹೆಸರು, ಹಾಡು ಇವೆಲ್ಲ ಅಫೇಸಿಯಾ, ಅಂದರೆ ಮೆದುಳಿಗೆ ಪೆಟ್ಟಾಗಿ ಮಾತು ಕುಂದುವ ತೊಂದರೆ, ಆದ ಎಷ್ಟೋ ಜನರಲ್ಲಿ ಉಳಿದಿರುತ್ತವೆ, ಬೇಕಾದಾಗ ಬೇಕಾದ ಮಾತು ಕಟ್ಟುವುದೇ ಕಷ್ಟ. ರಾಗದ ಮೂಲಕ ಮಾತು ಕಲಿಸುವ ಪದ್ಧತಿಯೊಂದು 1973ರಿಂದಲೇ ಇದೆಯಂತೆ. ಈ ವಿವರಣೆಯಿಂದ ನನ್ನ ಕೃತಜ್ಞತೆ ಕಡಿಮೆಯಾಗಲಿಲ್ಲ. ಅಂಥದ್ದೊಂದು ಬಾಗಿಲನ್ನು ತೆರೆದಿಟ್ಟವನು ದೇವರೇ ಎಂದು ನಾನು ನಂಬುತ್ತೇನೆ.

ಆ ಬಾಗಿಲಿನಿಂದ ಒಳಗೆ ಹೋಗುವ ಕೆಲಸ ನಮ್ಮದಾಗಿತ್ತು. ಅವರ ಎಡಗೈ ಹಿಡಿದು, ಅಕ್ಷರಕ್ಕೊಂದರಂತೆ ಹಾಸಿಗೆಯ ಮೇಲೆ ತಟ್ಟುತ್ತಾ ‘ಉದಾಕ್ ಜಾಯ್’, ನೀರು ಬೇಕು, ಎಂದು ರಾಗವಾಗಿ ಹೇಳುತ್ತಿದ್ದೆ. ಮೊದಲು ಇಬ್ಬರೂ ಒಟ್ಟಿಗೆ. ಆಮೇಲೆ ನಾನು ಮಧ್ಯದಲ್ಲಿ ದನಿ ಇಳಿಸುವುದು. ಆಮೇಲೆ ಅವರೊಬ್ಬರೇ. ಕೊನೆಗೆ ರಾಗವನ್ನೂ ಕಳಚಿ ಬರೀ ಮಾತು. ಮನೆಯ ಭಾಷೆಯಲ್ಲೇ ಮಾಡಿ ಎಂದು ಥೆರಪಿಸ್ಟ್ ಹೇಳಿದ್ದು ಬಹಳ ಉಪಕಾರವಾಯಿತು.

ಇನ್ನು ಚರ್ಚಿನವರು. ನಮ್ಮ ವಾಳೆಯ, ಅಂದರೆ ಚರ್ಚಿನ ನಮ್ಮ ವಾರ್ಡಿನ, ಜನ ತುಂಬಾ ಪ್ರೀತಿಯಿಂದ, ತುಂಬಾ ಮಂದಿ ಒಟ್ಟಿಗೆ ಬರುತ್ತಿದ್ದರು. ನಾಲ್ಕು ಜನ ಏಕಕಾಲಕ್ಕೆ ಮಾತನಾಡಿದರೆ ನನ್ನ ಗಂಡನಿಗೆ ಯಾವುದೂ ಹಿಡಿಯುತ್ತಿರಲಿಲ್ಲ. ವಾಳೆಯ ಮುಖ್ಯಸ್ಥರಾದ ಗುರ್ಕಾರರ ಬಳಿ ಇದನ್ನು ಹೇಳಿದೆ. ಅವರು ಸರದಿ ಹಾಕಿಕೊಟ್ಟರು: ಮಧ್ಯಾಹ್ನ ನಾನು ಮಲಗಲು ಒಬ್ಬರು ಬಂದು ಕುಳಿತುಕೊಳ್ಳುವುದು, ಫಿಸಿಯೋಥೆರಪಿಗೆ ಒಬ್ಬರ ರಿಕ್ಷಾ. ಯುವಕರು ಬಚ್ಚಲಿಗೆ ಹಿಡಿಕೆ ಹಾಕಿದರು. ಬಂದವರಿಗೆಲ್ಲ ನಾನು ಮೊದಲು ಕಲಿಸುತ್ತಿದ್ದುದು ಒಂದೇ: ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬಾರದು, ಬಲ ಕಳೆದುಕೊಂಡ ಭುಜದ ಕೀಲು ಜಾರುತ್ತದೆ, ಬಲಪಕ್ಕದಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಬೇಕು. ನುಂಗುವುದು ಸರಿಹೋಗುವ ತನಕ ನೀರು, ಚಹಾ ಹಾಗೆಯೇ ಕೊಡುವಂತಿರಲಿಲ್ಲ. ನೆಟ್ಟಗೆ ಕೂರಿಸಿ ಮಂದವಾದ ಗಂಜಿಯನ್ನು ಸಣ್ಣ ಚಮಚದಲ್ಲಿ ಕೊಡಬೇಕಿತ್ತು. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಕಾಯಬೇಕು, ಅವರ ಪರವಾಗಿ ನಾವೇ ಹೇಳಿಬಿಡಬಾರದು. ಈ ಕಾಯುವಿಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವರು ಮಕ್ಕಳು.

ಮಾತ್ರೆ ನಿಲ್ಲಿಸಿ ಧ್ಯಾನಕೂಟಕ್ಕೆ ಕರೆದುಕೊಂಡು ಹೋಗಿ, ವಿಶ್ವಾಸವಿದ್ದರೆ ಗುಣವಾಗುತ್ತದೆ ಎಂದವರೂ ಇದ್ದರು. ನಾನು ಖಂಡಿತವಾಗಿ ಒಪ್ಪಲಿಲ್ಲ. ರಕ್ತದೊತ್ತಡದ ಮಾತ್ರೆ ಮತ್ತು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆ ಇನ್ನೊಂದು ಆಘಾತವನ್ನು ತಡೆಯಲು ಇರುವಂಥವು. ನಮ್ಮ ಪಾದ್ರಿಯವರೂ ಮನೆಗೆ ಬಂದಾಗಲೆಲ್ಲ ಮೊದಲು ಕೇಳುತ್ತಿದ್ದುದು ಮಾತ್ರೆ ಆಯಿತೇ ಎಂದು. ಕೆಲವು ತಿಂಗಳ ಬಳಿಕ ನನ್ನ ಗಂಡ ಗೋಡೆಗೆ ಮುಖ ಮಾಡಿ ವ್ಯಾಯಾಮ ಬೇಡವೆಂದು ಮಲಗಿಬಿಟ್ಟಾಗ, ಅದು ವಿಶ್ವಾಸದ ಕೊರತೆಯಲ್ಲ, ಪಾರ್ಶ್ವವಾಯುವಿನ ನಂತರ ಬಹಳ ಜನರಿಗೆ ಬರುವ ಖಿನ್ನತೆ ಎಂದು ವೈದ್ಯರು ಹೇಳಿದರು. ಅದಕ್ಕೂ ಔಷಧ ಕೊಡಿಸಿದೆ.

ಆ ದಿನಗಳಲ್ಲೇ ಪಾದ್ರಿಯವರು ರೋಗಿಗಳ ಅಭ್ಯಂಗ ಸಂಸ್ಕಾರ ಕೊಡುತ್ತೇನೆಂದಾಗ ಅತ್ತೆ ಹೆದರಿದರು. ಹಿಂದಿನವರ ಪಾಲಿಗೆ ಅದು ಸಾಯುವವರಿಗೆ ಕೊಡುವುದು. 1960ರ ದಶಕದಲ್ಲಿ ನಡೆದ ಕ್ಯಾಥೋಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಇದು ಗಂಭೀರ ಕಾಯಿಲೆಯಲ್ಲಿರುವ ಯಾರಿಗಾದರೂ ಸಲ್ಲುವ ಸಂಸ್ಕಾರ ಎಂದು ಅವರು ಸಮಾಧಾನ ಹೇಳಿದರು. ಹಣೆಗೆ ತೈಲ ಹಚ್ಚಿದ ಮೇಲೆ ಅಂಗೈಗಳ ಸರದಿ. ನನ್ನ ಗಂಡ ಎಡಗೈಯಿಂದ ತಮ್ಮ ಬಲಗೈಯನ್ನು ತಾವೇ ಎತ್ತಿ ತೊಡೆಯ ಮೇಲಿಟ್ಟು, ಮುಚ್ಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದರು. ಥೆರಪಿಯಲ್ಲಿ ಎಷ್ಟು ಹೇಳಿದರೂ ಮಾಡದೇ ಇದ್ದ ವ್ಯಾಯಾಮ ಅದು. ಮರುದಿನ ಬೆಳಿಗ್ಗೆ ನಾನು ಕೇಳದೆಯೇ ಮತ್ತೆ ಮಾಡಿದರು.

ಈಗ ಊರುಗೋಲು ಹಿಡಿದು ಭಾನುವಾರದ ಪೂಜೆಗೆ ಬರುತ್ತಾರೆ. ಬೆಂಚಿನ ಎಡತುದಿಯಲ್ಲಿ ಕೂರಿಸುತ್ತೇನೆ, ಅಲ್ಲಿ ಎಡಗೈಗೆ ಹಿಡಿತ ಸಿಗುತ್ತದೆ. ಎಲ್ಲರೂ ಮೊಣಕಾಲೂರಿದಾಗ ಅವರು ಕುಳಿತೇ ಇರುತ್ತಾರೆ. ಗೀತೆಗಳನ್ನು ಪೂರ್ತಿ ಹಾಡುತ್ತಾರೆ. ಹೊರಗೆ ಬಂದು ಯಾರಾದರೂ ಹೇಗಿದ್ದೀರಿ ಎಂದರೆ ಎರಡು ಮೂರು ಪದಗಳ ಉತ್ತರಕ್ಕೆ ಇನ್ನೂ ಸಮಯ ಬೇಕು. ಫೋನಿನಲ್ಲಿ ಮಾತನಾಡುವುದನ್ನು ಈ ತಿಂಗಳು ಅಭ್ಯಾಸ ಮಾಡಿಸುತ್ತಿದ್ದೇನೆ.